ಗೊರೂರು ಮೇಸ್ತ್ರಿಯ ಮಡಚು ಹಲಗೆ

ಕೂತಲ್ಲಿ ಕೂರುವುದು ಆ ಮನುಷ್ಯನ ಹಣೆಯಲ್ಲಿ ಬರೆದಿರಲಿಲ್ಲ. ಹೋದ ತಿಂಗಳು ಅವರು ನಾಲ್ಕು ಜನರ ಹೆಗಲ ಮೇಲೆ ಹೊರಟಾಗ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನನ್ನ ತಲೆಯಲ್ಲಿ ಮಾತ್ರ ಒಂದೇ ಯೋಚನೆ. ಈಗ ಎದ್ದು ಕೂರುತ್ತಾರೆ, "ಲೇ, ಬಲಗಡೆ ಬಿದಿರು ತಗ್ಗಾಗೈತೆ ಕಣ್ರಲಾ, ಇಳಿಸ್ರಿ, ಸರಿ ಮಾಡ್ತೀನಿ" ಅನ್ನುತ್ತಾರೆ ಎಂದು ಬೀದಿ ತಿರುವಿನವರೆಗೂ ಕಾದೆ. ಅನ್ನಲಿಲ್ಲ. ಆಗಲೇ ನನಗೆ ಅವರು ಸತ್ತಿದ್ದಾರೆ ಎಂದು ನಂಬಿಕೆ ಬಂದದ್ದು.

ಹೆಸರು ಬೇಡ. ಹಾಸನದ ನಮ್ಮ ಬೀದಿಗೆಲ್ಲ ಅವರು ಗೊರೂರು ಮೇಸ್ತ್ರಿ. ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಅಲ್ಲಿನ ವರ್ಕ್‌ಶಾಪಿನಲ್ಲಿ ಮರಗೆಲಸ ಮಾಡಿ, ರಿಟೈರಾದ ಮೇಲೆ ನಮ್ಮ ಪಕ್ಕದಲ್ಲಿ ಮನೆ ಕಟ್ಟಿಸಿಕೊಂಡು ಬಂದವರು. ಕಟ್ಟಿಸಿಕೊಂಡು ಅನ್ನುವುದೂ ಪೂರ್ತಿ ನಿಜವಲ್ಲ, ಮಹಡಿ ಮೇಲಿನ ರೂಮಿಗೆ ಇವತ್ತಿಗೂ ಬಾಗಿಲಿಲ್ಲ. "ಊರೋರ ಬಾಗ್ಲೆಲ್ಲ ಕಾಣ್ತದೆ ಈವಯ್ಯಂಗೆ, ಸ್ವಂತ ಮನೆ ಬಾಗ್ಲು ಕಾಣಲ್ಲ" ಎಂದು ಅವರ ಹೆಂಡತಿ ಬಟ್ಟೆ ಒಗೆಯುವಾಗೆಲ್ಲ ಕಲ್ಲಿಗೆ ಹೇಳುತ್ತಿದ್ದರು.

ಎದುರು ಮನೆಯ ಸತ್ಯನಾರಾಯಣ ಪೂಜೆಗೆ ಬಂದವರು, ಕಥೆ ಮುಗಿಯುವುದರೊಳಗೆ ದೇವರ ಮನೆಯ ಬಾಗಿಲು ಕಳಚಿ ಅಂಗಳಕ್ಕೆ ಹೊತ್ತುಕೊಂಡು ಹೋಗಿ ಕೀಸುಳಿ ಹಾಕುತ್ತಾ ನಿಂತಿದ್ದರು. ಪುರೋಹಿತರು ಕಣ್ಣು ಕೆಂಪು ಮಾಡಿದರೆ, "ನೆಲಕ್ಕೆ ಉಜ್ತಾ ಇತ್ತು ಸ್ವಾಮಿ, ನಿಮ್ ಕತೆ ಕೇಳ್ಸದಂಗೆ" ಎಂದು ಅವರಿಗೇ ಉಪಕಾರ ಮಾಡಿದವರ ಹಾಗೆ ಮಾತಾಡಿದರು. ಅರಕಲಗೂಡಿನ ಒಂದು ಮದುವೆಯಲ್ಲಿ ಟೇಬಲ್ ಅಲ್ಲಾಡುತ್ತಿದೆ ಎಂದು ಎಲೆ ಮುಂದೆ ಕೂತ ಇಡೀ ಸಾಲನ್ನು ಎಬ್ಬಿಸಿದ್ದರಂತೆ. ಹೆಣ್ಣಿನ ಕಡೆಯವರು ಏನೋ ಜಗಳವಾಯಿತು ಎಂದು ಗಾಬರಿಬಿದ್ದು ಓಡಿ ಬಂದರಂತೆ. ಕಾಫಿ ಕೊಟ್ಟರೆ ನಿಂತು ಕುಡಿಯುವರು, ಅರ್ಧ ಲೋಟ ಎಲ್ಲೋ ಮರೆತು ಬಿಡುವರು. "ಕೈ ಸುಮ್ಕಿದ್ರೆ ಬಾಯಿ ಆಡ್ತದೆ ಕಣವ್ವ" ಅನ್ನುವರು. ಅವರವು ಎರಡೂ ಆಡುತ್ತಿದ್ದವು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ನಿಜ ಹೇಳುತ್ತೇನೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ವಾರವೆಲ್ಲ ಹೊಳೆನರಸೀಪುರದ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡಿ, ಭಾನುವಾರ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಸುತ್ತಿಗೆ ಶುರು. ನಮ್ಮ ಗೇಟಿನ ಚಿಲಕ ಅವರೇ ಹಾಕಿಕೊಟ್ಟದ್ದು. ನಾಲ್ಕು ಸ್ಕ್ರೂ ಬೇಕಾದ ಕಡೆ ಎರಡು ತಿರುಗಿಸಿ, "ಇನ್ನೆರಡಕ್ಕೆ ನಾಳೆ ಬತ್ತೀನಿ" ಎಂದು ಹೋದರು. ಆ ನಾಳೆ ಬರಲೇ ಇಲ್ಲ. ಗೇಟು ತೆಗೆದಾಗೆಲ್ಲ ಚಿಲಕ ಬಾಗಿಕೊಂಡು ನನ್ನ ಸೆರಗು ಹಿಡಿಯುತ್ತಿತ್ತು, ನಾನು ಅವರಿಗೆ ಒಂದು ಬೈಗುಳ ಒಪ್ಪಿಸಿಯೇ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ.

ಆಮೇಲೆ ನಮ್ಮವ್ವ ಬಂದಳು.

ಅವ್ವನಿಗೆ ಲಕ್ವಾ ಹೊಡೆದದ್ದು ದಂಡಿಗನಹಳ್ಳಿ ಹತ್ತಿರದ ನಮ್ಮೂರಿನಲ್ಲಿ, ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ. ಬಲಗಾಲು, ಬಲಗೈ ಎರಡೂ ಬಿದ್ದವು. ಅಣ್ಣ ಅತ್ತಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಆದರೆ ದಿನಾ ಫಿಸಿಯೋಥೆರಪಿ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರಿಂದ ನಾನು ಹಟಮಾಡಿ ಹಾಸನಕ್ಕೆ ಕರೆತಂದೆ. ಕಾಲು ನಿಧಾನಕ್ಕೆ ಬಂತು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟಾದಳು. ಕೈ ಬರಲಿಲ್ಲ. ಮಡಿಲಲ್ಲಿ ಯಾರದೋ ವಸ್ತು ಇಟ್ಟುಕೊಂಡ ಹಾಗೆ ಅದನ್ನು ಇಟ್ಟುಕೊಂಡು ಕೂತಿರುತ್ತಿದ್ದಳು.

ನಮ್ಮದು ರೈಲು ಡಬ್ಬಿಯಂಥ ಬಾಡಿಗೆ ಮನೆ. ನಡುಮನೆಯ ಕಿಟಕಿಗೆ ಒತ್ತಿಕೊಂಡು ಅವ್ವನ ಮಂಚ. ಮಂಚಕ್ಕೂ ಈಚೆ ಗೋಡೆಗೂ ನಡುವೆ ವಾಕರ್ ಹೋಗುವಷ್ಟೇ ದಾರಿ. ಕಿಟಕಿಯಾಚೆ ಎರಡು ಮನೆಗಳ ನಡುವಿನ ಸಂದಿ, ಸಂದಿಯಾಚೆ ಮೇಸ್ತ್ರಿ ಮನೆಯ ಅಡಿಗೆಕೋಣೆ ಕಿಟಕಿ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂದು ಮನೆ ಮಾಲೀಕರು ಕೀ ಕೊಡುವಾಗಲೇ ಹೇಳಿದ್ದರು. ಕ್ಯಾಲೆಂಡರನ್ನು ಕೂಡ ಕಿಟಕಿ ಸರಳಿಗೆ ದಾರ ಕಟ್ಟಿ ತೂಗುಹಾಕಿದ್ದೆ.

ಬೆಳಿಗ್ಗೆ ಎಂಟಕ್ಕೆ ನಾನು ಹೊಳೆನರಸೀಪುರದ ಬಸ್ಸಿಗೆ, ನಮ್ಮ ಯಜಮಾನರು ಚನ್ನರಾಯಪಟ್ಟಣದ ಬಸ್ಸಿಗೆ. ಹತ್ತಕ್ಕೆ ಫಿಸಿಯೋಥೆರಪಿಯ ಹೆಂಗಸು ಬಂದು ಅರ್ಧ ಗಂಟೆ ಇದ್ದು ಹೋಗುವಳು. ಆಮೇಲೆ ಸಂಜೆಯವರೆಗೆ ಅವ್ವ ಒಬ್ಬಳೇ. ಬೆಳಿಗ್ಗೆ, ರಾತ್ರಿ ನಾನು ತಿನ್ನಿಸುತ್ತಿದ್ದೆ. ಮೂರು ತುತ್ತಿಗೆ ಬಾಯಿ ಮುಚ್ಚಿಬಿಡುವಳು. ಮಗಳ ಮನೆಯಲ್ಲಿ ಕೂತು, ಮಗಳ ಕೈಯಲ್ಲಿ ತಿನ್ನಿಸಿಕೊಳ್ಳುವುದು ಅವಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಹಾಟ್‌ಬಾಕ್ಸಿನಲ್ಲಿ ಮುದ್ದೆ, ಮುಚ್ಚಿದ ಬಟ್ಟಲಲ್ಲಿ ಸಾರು, ಎರಡನ್ನೂ ಮಂಚದ ಪಕ್ಕ ಸ್ಟೂಲಿನ ಮೇಲಿಟ್ಟು, "ಎಡಗೈಲಾದ್ರೂ ತಿನ್ನವ್ವ, ಯಾರು ನೋಡ್ತಾರೆ" ಎಂದು ಹೇಳಿ ಹೋಗುವೆ.

"ಆ ಕೈ ಯಾತಕ್ಕಿರೋದು ಅಂತ ಗೊತ್ತಿಲ್ವಾ ನಿಂಗೆ? ತೊಳ್ಯೋ ಕೈನ ಬಾಯ್ಗಿಕ್ಕೋದಾ?"

"ಚಮಚ ಕೊಡ್ತೀನಿ."

"ಮುದ್ದೆನ ಚಮಚದಾಗೆ ತಿಂತಾರಾ? ಓಗು, ಬಸ್ಸು ಬತ್ತದೆ."

ಆದರೂ ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ, ತಟ್ಟೆ ಖಾಲಿ. "ಉಂಡ್ಯಾ?" ಅಂದರೆ "ಊಂ, ಉಂಡೆ." ದಾರಿಗೆ ಬಂದಳು ಎಂದು ನಾನು ಖುಷಿಪಟ್ಟೆ. ಹೀಗೇ ಒಂದೂವರೆ ತಿಂಗಳಾಯಿತು. ಅವಳ ರವಿಕೆಯ ತೋಳು ಸಡಿಲವಾಗುತ್ತಾ ಬಂತು. ನಾನು ಟೈಲರ್ ಹತ್ತಿರ ಹೋಗಿ ಹಿಡಿಸಿಕೊಂಡು ಬಂದೆನೇ ಹೊರತು ಅದರ ಅರ್ಥ ಏನು ಎಂದು ಯೋಚನೆ ಮಾಡಲಿಲ್ಲ. ಮಕ್ಕಳಿಗೆ ಪಾಠ ಹೇಳುವ ನನ್ನ ಬುದ್ಧಿ ಇಷ್ಟು.

ಒಂದು ಸಂಜೆ ಗೇಟಿನ ಹತ್ತಿರ ಮೇಸ್ತ್ರಿ ನಿಂತಿದ್ದರು. ನಿಂತಿದ್ದರು ಅಂದರೆ, ಅದೇ ಚಿಲಕವನ್ನು ಅಲ್ಲಾಡಿಸುತ್ತಾ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ.

"ಟೀಚರಮ್ಮ, ಒಂದ್ ಮಾತು. ಬೈಬ್ಯಾಡಿ."

"ಚಿಲಕದ ವಿಷಯ ಆಗಿದ್ರೆ ಬೈತೀನಿ."

"ಚಿಲಕ ಅಲ್ಲ ಕಣವ್ವ. ಬನ್ನಿ ಇಲ್ಲಿ" ಎಂದು ಸಂದಿಗೆ ಕರೆದುಕೊಂಡು ಹೋದರು. ನಮ್ಮ ಕಿಟಕಿಯ ಕೆಳಗೆ ಒಣಗಿದ ಮುದ್ದೆಯ ತುಣುಕುಗಳು, ಇರುವೆ ಸಾಲು, ಗೋಡೆಯ ಮೇಲೆ ಸಾರು ಇಳಿದ ಕಲೆ. "ನಿಮ್ಮವ್ವ ಉಣ್ತಾ ಇಲ್ಲ. ದಿನಾ ಕಿಟಕಿಯಿಂದ ಆಚಿಗೆ ಆಕ್ತಾರೆ. ಒಂದೂವರೆ ಆಯ್ತು ಅಂದ್ರೆ ಕರಿ ನಾಯಿ ಬಂದು ಕಾಯ್ಕಂಡ್ ಕೂತಿರ್ತದೆ. ನಾಯಿ ಎಂಗೆ ಮೈ ತುಂಬ್ಕಂಡೈತೆ ನೋಡಿ."

ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ. ಏನೇನು ಕೂಗಾಡಿದೆನೋ, ಬರೆಯಲು ನಾಚಿಕೆ. ಹೀಗೇ ತೂಕ ಇಳಿದರೆ ಮತ್ತೆ ಮಂಚ ಹಿಡಿಯುತ್ತೀಯ, ಆಮೇಲೆ ಏಳುವುದೇ ಇಲ್ಲ, ಡಾಕ್ಟರು ಹೇಳಿದ್ದು ಕೇಳಿಸಲಿಲ್ಲವಾ, ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾ, ಸಾಯಬೇಕು ಅಂತಲೇ ಇದ್ದೀಯಾ. ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ನನ್ನ ಬಾಯಿ ನಿಂತ ಮೇಲೆ ನೋಡಿದರೆ ಮೇಸ್ತ್ರಿ ಹೊಸಿಲಲ್ಲೇ ನಿಂತಿದ್ದಾರೆ. ಹೊರಗಿನವರ ಮುಂದೆ ಅವ್ವನನ್ನು ಬೈದೆನಲ್ಲ ಎಂದು ನನಗೆ ಇನ್ನೂ ಸಿಟ್ಟು ಬಂತು, ಅವರ ಮೇಲೆ.

ಅವರು ನನ್ನನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿ ಹೇಳಿದರು. "ಆಯಮ್ಮ ಸುಮ್ ಸುಮ್ಕೆ ಎಸೀತಾ ಇರ್ಲಿಲ್ಲ ಕಣವ್ವ. ಮೊದ್ಲೊಂದು ದಿನ ನಾನೇ ಕಂಡೆ. ಎಡಗೈಲೇ ಮುದ್ದೆ ಮುರಿಯಕ್ಕೆ ನೋಡಿದ್ರು. ನೀವು ಸ್ಟೂಲು ಮಡಗಿರೋದು ಬಲಗಡೆ. ಬಗ್ಗಿದ್ರೆ ಬೀಳ್ತಾರೆ. ತಟ್ಟೆ ತಗದು ಕಿಟಕಿ ಕಟ್ಟೆ ಮ್ಯಾಗೆ ಮಡಗಿದ್ರು. ಅದು ನಾಕು ಬೆರಳು ಅಗಲ. ತಟ್ಟೆ ಜಾರಿ ಬಿತ್ತು, ಸೀರೆ ಎಲ್ಲಾ ಸಾರಾಯ್ತು. ಆವಾಗಿಂದ್ಲೇ ಎಸ್ಯಕ್ಕೆ ಶುರು ಮಾಡಿದ್ದು."

ಒಂದು ದಿನ ಅವಳ ಸೀರೆ ಒದ್ದೆಯಾಗಿತ್ತು. ನೀರು ಚೆಲ್ಲಿಕೊಂಡೆ ಅಂದಿದ್ದಳು. ಸತ್ತರೂ ಬಾಯಿಗಿಡುವುದಿಲ್ಲ ಎಂದ ಕೈಯಲ್ಲಿ ಅವಳು ಒಂದು ಸಲ ಪ್ರಯತ್ನ ಮಾಡಿದ್ದಳು. ಸ್ಟೂಲನ್ನು ಬಿದ್ದುಹೋದ ಕೈಯ ಪಕ್ಕ ಇಟ್ಟವಳು ನಾನು.

"ಕಟ್ಟೆಗೆ ಒಂದು ಹಲಗೆ ಸೇರಿಸ್ತೀನಿ, ಮಡಚೋ ಅಂಥದ್ದು" ಅಂದರು ಮೇಸ್ತ್ರಿ. "ಇಲ್ದಿದ್ರೆ ಮಲಗಕ್ಕೆ ಅಡ್ಡ ಬತ್ತದೆ. ಗ್ವಾಡೆಗೆ ಮೊಳೆ ಬ್ಯಾಡ, ಕಿಟಕಿ ಮರಕ್ಕೇ ಕೀಲು ಹಾಕ್ತೀನಿ. ನಾಳೆ ಬತ್ತೀನಿ."

ಆ ನಾಳೆ ಎನ್ನುವ ಮಾತು ಕೇಳಿ ನನಗೆ ಗೇಟಿನ ಚಿಲಕ ನೆನಪಾಯಿತು. ಆದರೆ ಮಾರನೆಯ ದಿನ ನಾನು ಚಪ್ಪಲಿ ಮೆಟ್ಟುವ ಮೊದಲೇ ಅವರು ಹಾಜರು.

ಅವರು ಟೇಪು ಮುಟ್ಟುತ್ತಿರಲಿಲ್ಲ. ಪ್ರತಿ ಕೆಲಸಕ್ಕೂ ಒಂದು ತೆಂಗಿನ ಕಡ್ಡಿ. ಅಳತೆ ಬಂದ ಕಡೆ ಉಗುರಿನಲ್ಲಿ ಗೀರುವುದು, ಕೆಲಸ ಮುಗಿದ ಮೇಲೆ ಅದೇ ಕಡ್ಡಿಯಲ್ಲಿ ಹಲ್ಲು ಕೆದಕುವುದು. "ಟೇಪು ಎಲ್ಲಾರ್ಗೂ ಒಂದೇ ಲೆಕ್ಕ ಯೋಳ್ತದೆ. ಕಡ್ಡಿ ಈ ಮನೇದು ಮಾತ್ರ" ಎಂದು ಅದಕ್ಕೊಂದು ಸಮರ್ಥನೆ. ಅವ್ವ ಕೈ ಚಾಚಿ ತೋರಿಸಲು ಒಪ್ಪುವವಳಲ್ಲ. ಅವರು ಕೇಳಲೂ ಇಲ್ಲ. ಅವಳು ಒರಗುವ ಕಡೆ ಗೋಡೆಯ ಮೇಲೆ ಎಣ್ಣೆತಲೆಯ ಗುರುತು, ಅದರ ಕೆಳಗೆ ಎಡಮೊಣಕೈ ಊರುವ ಮಬ್ಬು ಗುರುತು ಇತ್ತು. ಅಲ್ಲಿಂದ ಕಿಟಕಿಗೆ ಕಡ್ಡಿ ಹಿಡಿದು ಗೀರಿಕೊಂಡು ಹೊರಟರು.

ಎರಡೇ ದಿನದಲ್ಲಿ ಹಲಗೆ ಬಂತು. ಹಳೆಯ ಮಂಚವೊಂದರ ಸಿಲ್ವರ್ ಓಕ್, ಕೆನ್ನೆಗೆ ಒತ್ತಿಕೊಳ್ಳಬಹುದು ಅಷ್ಟು ನಯಮಾಡಿದ್ದರು. ಕಿಟಕಿ ಚೌಕಟ್ಟಿನ ಕೆಳಪಟ್ಟಿಗೆ ಮೂರು ಕೀಲು. ಬೇಡದಾಗ ಹಲಗೆ ಕೆಳಕ್ಕೆ ಜೋತುಬಿದ್ದಿರುತ್ತದೆ. ಬೇಕಾದಾಗ ಎತ್ತಿ, ಅದರ ಅಡಿಯಲ್ಲಿ ಮಡಚಿಟ್ಟ ಕಾಲನ್ನು ಬಿಡಿಸಿ ಮಂಚಕ್ಕೆ ಊರಿದರೆ ಕಿಟಕಿ ಕಟ್ಟೆಯೇ ಒಂದೂವರೆ ಗೇಣು ಮುಂದಕ್ಕೆ ಬಂದ ಹಾಗೆ. ಭಾನುವಾರವಾದ್ದರಿಂದ ನಾನೂ ಇದ್ದೆ. ಮೇಸ್ತ್ರಿ ಒಂದು ಕೈಯಲ್ಲಿ ಹಲಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಲು ಎಳೆದು ನಿಲ್ಲಿಸಿ, ಮೇಲೆ ಗುದ್ದಿ ತೋರಿಸಿದರು. "ಅಷ್ಟೇಯಾ! ಆನೆ ಕೂತ್ರೂ ಅಲ್ಲಾಡಕಿಲ್ಲ."

ಅವ್ವ ಹಲಗೆಯನ್ನು, ಅದರ ಕಾಲನ್ನು ನೋಡಿದಳು. ಆಮೇಲೆ ಹೇಳಿದಳು: "ಎಲ್ಡು ಕೈ ಇರೋರ್ಗೆ ಚೆನ್ನಾಗೈತೆ."

ಮೇಸ್ತ್ರಿಯ ಮುಖ ನೋಡಲಾಗಲಿಲ್ಲ. ತಮ್ಮ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ನಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತುಬಿಟ್ಟರು. ಆ ಮನುಷ್ಯ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಎದ್ದು ಹಲಗೆ ಬಿಚ್ಚಿಕೊಂಡು ಹೋದರು. ಸುತ್ತಿಗೆಯನ್ನು ಮಂಚದ ಮೇಲೆಯೇ ಮರೆತಿದ್ದರು.

ಅಲ್ಲಿಂದ ಒಂದು ವಾರ ನನ್ನ ಪ್ರಾಣ ನನ್ನ ಹತ್ತಿರ ಇರಲಿಲ್ಲ. ಸ್ಟೂಲನ್ನು ಎಡಕ್ಕಿಡಲು ನೋಡಿದೆ, ಕಿಟಕಿಗೂ ಮಂಚಕ್ಕೂ ನಡುವೆ ಜಾಗವೇ ಇರಲಿಲ್ಲ. ಬ್ರೆಡ್ಡು ಇಟ್ಟೆ, ಬಾಳೆಹಣ್ಣು ಇಟ್ಟೆ. ಹಣ್ಣು ಸುಲಿಯಲಿಕ್ಕೂ ಎರಡು ಕೈ ಬೇಕು ಎಂದು ಬಸ್ಸು ಹತ್ತಿದ ಮೇಲೆ ಹೊಳೆಯುತ್ತಿತ್ತು. ಕ್ಲಾಸಿನಲ್ಲಿ ನಿಂತು ಒಂದೂವರೆ ಹೊಡೆಯುವುದನ್ನೇ ಕಾಯುವೆ. ಹೊಡೆದ ಮೇಲೆ ಕರಿ ನಾಯಿ ಕಣ್ಣಿಗೆ ಕಟ್ಟುವುದು. ಫೋನ್ ಮಾಡಿದರೆ ಅವ್ವ "ಉಂಡೆ" ಅನ್ನುವಳು, ನಾನು ನಂಬುವ ಹಾಗಿಲ್ಲ.

ಆ ವಾರದ ಕೊನೆಯಲ್ಲಿ ಒಂದು ಸಂಜೆ ಅವ್ವ ನಾನು ಬರುವುದನ್ನೇ ಕಾದಿದ್ದಳು. ಕಿಟಕಿ ಮುಚ್ಚಿತ್ತು. ಬಟ್ಟೆಯ ಗಂಟು ಮಂಚದ ಮೇಲಿತ್ತು.

"ಊರಿಗೆ ಕಳ್ಸು ನನ್ನ. ಈ ಮನೇಲಿ ಇರಾಕಿಲ್ಲ."

"ಏನಾಯ್ತವ್ವ?"

"ಆ ಮೇಸ್ತ್ರಿ ನನ್ನ ಅಣಕಿಸ್ತಾನೆ. ಬಲಗೈಯ ಟವಲ್ಲಾಗೆ ಎದೆಗೆ ಕಟ್ಕಂಡು, ಅಲ್ಲೇ, ಆ ಕಿಟಕೀಲಿ ನನ್ ಮುಂದೇನೇ ಕೂತ್ಕಂಡು, ಎಡಗೈಲಿ ಉಣ್ತಾನೆ. ಮೈಮ್ಯಾಗೆಲ್ಲಾ ಚೆಲ್ಕತಾನೆ. ಮೂರು ದಿನಾಯ್ತು. ಮುದುಕೀನ ಆಡ್ಕಳಕ್ಕೆ ಇವ್ನಿಗೇನು ಬಂದಿತ್ತು?"

ಅವರ ಗೇಟನ್ನು ಒದ್ದುಕೊಂಡೇ ಒಳಗೆ ಹೋದೆ ಅನ್ನಬೇಕು. ಹಿತ್ತಲಲ್ಲಿ ಬೆಂಚಿನ ಮುಂದೆ ನಿಂತಿದ್ದರು. ಅವ್ವ ಹೇಳಿದ ಹಾಗೆಯೇ, ಬಲಗೈ ಟವೆಲಿನಲ್ಲಿ ಎದೆಗೆ ಬಿಗಿದು ಕಟ್ಟಿತ್ತು. ವಯಸ್ಸಾಗಿ ಬುದ್ಧಿ ಇಲ್ಲವಾ, ಹೊಟ್ಟೆಗೆ ಏನು ತಿನ್ನುತ್ತೀರಿ, ಕಾಯಿಲೆಯವರನ್ನು ಆಡಿಕೊಂಡರೆ ಹುಳ ಬಿದ್ದು ಸಾಯುತ್ತೀರಿ, ಬಾಯಿಗೆ ಬಂದದ್ದೆಲ್ಲ ಅಂದೆ. ಮೂರು ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅವರ ಹೆಂಡತಿ ಒಳಗಿನಿಂದ ಬಂದು, "ಬೈರಿ ಟೀಚರಮ್ಮ, ಚೆನ್ನಾಗಿ ಬೈರಿ. ಹಲ್ಲುಜ್ಜೋದೂ ಎಡಗೈಲೇ, ಗುಂಡಿ ಹಾಕ್ಕೊಳ್ಳೋದೂ ಎಡಗೈಲೇ. ದೆವ್ವ ಮೆಟ್ಕಂಡೈತೆ" ಎಂದು ನನ್ನ ಜೊತೆ ಸೇರಿಕೊಂಡರು.

ಮೇಸ್ತ್ರಿ ಹಣೆಯ ಬೆವರು ಒರೆಸಿಕೊಳ್ಳಲು ಬಲಗೈ ಎತ್ತಹೋದರು, ಅದು ಕಟ್ಟಿತ್ತು. ಎಡಗೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಒರೆಸಿಕೊಂಡರು.

"ಅಣಕ ಅಲ್ಲ ಕಣವ್ವ. ಎಲ್ಡು ಕೈಲಿ ಮಾಡಿ ತಪ್ಪಾಯ್ತಲ್ಲ. ಒಂದ್ ಕೈಯೋರ್ಗೆ ಮಾಡ್ಬೇಕು ಅಂದ್ರೆ ಒಂದ್ ಕೈಲಿ ಇದ್ದು ನೋಡ್ಬೇಕಲ್ಲ. ಇಲ್ದಿದ್ರೆ ಎಂಗೆ ಗೊತ್ತಾಯ್ತದೆ?"

ಬೆಂಚಿನ ಮೇಲೆ ಅದೇ ಸಿಲ್ವರ್ ಓಕ್ ಹಲಗೆ ಇತ್ತು. ಅದರ ಅಂಚಿನಲ್ಲಿ ಉಳಿ ಅಡ್ಡಾದಿಡ್ಡಿ ಓಡಿದ ಗುರುತುಗಳು, ಎಡಗೈಯ ಕೆಲಸ. ಕ್ಷಮಿಸಿ ಎಂದು ಕೂಡ ಅನ್ನಲಿಲ್ಲ ನಾನು. ಅನ್ನಬೇಕಿತ್ತು. ಅವರಿಗೆ ಅದರ ಗೊಡವೆಯೂ ಇರಲಿಲ್ಲ. ಆಗಲೇ ಸಂದಿ ಕಡೆ ಹೊರಟಿದ್ದರು. ನಾನು ಓಡಿ ಬಂದು ಒಳಗಿನಿಂದ ಕಿಟಕಿ ತೆಗೆದೆ. ಅವ್ವ ಮುಖ ತಿರುಗಿಸಿದಳು.

"ಅಕ್ಕಾ" ಎಂದರು ಸರಳಿನ ಆಚೆಯಿಂದ. "ಎಡಗೈಲಿ ಉಣ್ಣೋದು ಭಾರಿ ಕಷ್ಟ ಕಣಕ್ಕ. ಮೂರು ದಿನ ಆಯ್ತು, ನಂಗೆ ಅರ್ಧ ಹೊಟ್ಟೆ. ತಟ್ಟೆ ಮುಂದಕ್ಕೇ ಓಯ್ತದೆ, ಹಿಡ್ಕಳಕ್ಕೆ ಇನ್ನೊಂದು ಕೈ ಇಲ್ಲ. ನಿಂಗೂ ಅಂಗೇ ಓಯ್ತಿತ್ತಾ, ಇಲ್ಲಾ ಪಕ್ಕಕ್ಕೆ ಓಯ್ತಿತ್ತಾ? ಅದೊಂದು ಯೋಳ್ಬುಡು. ತಟ್ಟೆ ತಡ್ಯೋ ಪಟ್ಟಿ ಯಾವ ಕಡೆ ಹೊಡೀಬೇಕು ಅಂತ ಗೊತ್ತಾಯ್ತಾ ಇಲ್ಲ."

ಅವ್ವ ಗೋಡೆ ನೋಡಿಕೊಂಡೇ ಹೇಳಿದಳು: "ನೀನು ಮುದ್ದೆನ ತಳ್ತೀಯ. ಅದ್ಕೇ ಓಯ್ತದೆ. ಮ್ಯಾಗಿಂದ ಬೆಳ್ಳಲ್ಲಿ ಅದುಮಿ ಮುರೀಬೇಕು. ಮೂರು ದಿನದಿಂದ ನೋಡ್ತಾ ಇವ್ನಿ, ಅಷ್ಟೂ ತಿಳ್ಯಕಿಲ್ವಾ ನಿಂಗೆ?"

"ತಿಳೀಲಿಲ್ಲ ಕಣಕ್ಕ."

"ಎಡಗಡೀಕೆ ಓಯ್ತದೆ ತಟ್ಟೆ. ಪಟ್ಟಿ ಆ ಕಡೀಕೆ ಹೊಡಿ."

ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಎರಡನೆಯ ಸಲ ಬಂದ ಹಲಗೆಗೆ ಕಾಲೇ ಇರಲಿಲ್ಲ. ಈ ಸಲ ಅದು ಕೆಳಕ್ಕೆ ಜೋತುಬೀಳದೆ ಮೇಲಕ್ಕೆ ಮಡಚಿ ಸರಳಿಗೆ ಒರಗಿಕೊಂಡಿತ್ತು, ಎಡಗಡೆ ಒಂದು ಸಣ್ಣ ಚಿಲಕ. ಚಿಲಕ ಸರಿಸಿ ಒಂದೇ ಕೈಯಲ್ಲಿ ಮುಂದಕ್ಕೆ ಇಳಿಸಿದರೆ ಸಾಕು, ಎರಡು ಮೂಲೆಯಿಂದ ಕಿಟಕಿ ಸರಳಿಗೆ ಕಟ್ಟಿದ ಸರಪಳಿ ಬಿಗಿದು ಹಲಗೆ ತಾನೇ ನಿಲ್ಲುತ್ತಿತ್ತು. ಗೋಡೆಗೆ ಒಂದು ಮೊಳೆ ಇಲ್ಲ. ಎಡಕ್ಕೂ ಮುಂದಕ್ಕೂ ಬೆರಳು ದಪ್ಪದ ಪಟ್ಟಿ, ತಟ್ಟೆ ಒತ್ತಿಕೊಂಡು ಕೂರಲಿಕ್ಕೆ.

"ಇದು ನಾಯಿ ಚೈನಲ್ವಾ?" ಅಂದಳು ಅವ್ವ.

"ನಾಯೀದೇ ಕಣಕ್ಕ. ಹೊಸಾದು. ಇನ್ನೂ ಯಾವ ನಾಯೂ ಹಾಕ್ಕೊಂಡಿಲ್ಲ."

ಅವ್ವ ನಕ್ಕಳು. ಲಕ್ವಾ ಹೊಡೆದ ಮೇಲೆ ಮೊದಲ ಸಲ, ಬಾಯಿ ಒಂದು ಕಡೆಗೆ ಸೊಟ್ಟಗಾಗಿ. ಎಡಗೈ ಚಾಚಿ ಚಿಲಕ ಸರಿಸಿದಳು, ಹಲಗೆ ಇಳಿಯಿತು, ಸರಪಳಿ ಜಣ್ ಅಂದಿತು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಆಡುವ ಮಗುವಿನಿಂದ ಆಟದ ಸಾಮಾನು ಕಸಿಯುವ ಹಾಗೆ ನಾನೇ ಸಾಕು ಬಿಡವ್ವ ಅನ್ನಬೇಕಾಯಿತು. ಎಲ್ಲ ಸ್ಕ್ರೂಗಳನ್ನೂ ಹಾಕಿ ಮುಗಿಸಿದ ಕೆಲಸ, ಆ ಮನುಷ್ಯನ ಜನ್ಮದಲ್ಲಿ ನಾನು ಕಂಡದ್ದು ಅದೊಂದೇ.

ಅಲ್ಲಿಂದ ಶುರುವಾಯಿತು ನೋಡಿ ಅವರಿಬ್ಬರ ಪಂಕ್ತಿ. ಒಂದೂವರೆಗೆ ಈಚೆ ಕಿಟಕಿಯಲ್ಲಿ ಅವ್ವ, ಆಚೆ ಕಿಟಕಿಯಲ್ಲಿ ಮೇಸ್ತ್ರಿ. ಇನ್ನು ಕೈ ಕಟ್ಟಿಕೊಳ್ಳುವ ಅಗತ್ಯ ಇರಲಿಲ್ಲ, ಆದರೂ ಅವರು ಎಡಗೈಯಲ್ಲೇ ಉಣ್ಣುತ್ತಿದ್ದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವರಿಗೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ ಎಂದು ಅವರ ಹೆಂಡತಿ ಬನಿಯನ್ ಒಗೆಯುವಾಗ ಹೇಳುತ್ತಿದ್ದರು. ಮೇಸ್ತ್ರಿ ಯಾರದೋ ಮನೆಯಲ್ಲಿ ಬಾಗಿಲು ಕೀಸುತ್ತಾ ತಡಮಾಡಿದರೆ ಅವ್ವ ಸರಳು ಬಡಿದು ಕೂಗುವಳಂತೆ: "ಲೇ ಮೇಸ್ತ್ರಿ, ಮುದ್ದೆ ಆರೋಯ್ತದೆ, ಬಾರ್ಲಾ!" ನೀರಾವರಿ ಇಲಾಖೆಯ ಇಂಜಿನಿಯರುಗಳು ಕೂಗಿದರೂ ಬಾರದವರು ಓಡಿ ಬರುತ್ತಿದ್ದರಂತೆ. ಕರಿ ನಾಯಿ ಬೇರೆ ಬೀದಿ ನೋಡಿಕೊಂಡಿತು.

ಅವ್ವನ ಮೈ ತುಂಬಿಕೊಂಡಿತು. ಆದರೆ ನಮ್ಮ ಮುಂದೆ ಮಾತ್ರ ಅವಳು ಆ ಕೈಯನ್ನು ಬಾಯಿಗೆ ತರಲಿಲ್ಲ. ರಜಾದಿನ ನಾನಿದ್ದರೆ "ನೀನು ಆಚಿಗೋಗು" ಎಂದು ಕಳಿಸಿ, ಕಿಟಕಿಗೆ ಮುಖ ಮಾಡಿ, ಬೆನ್ನು ನಮಗೆ ಕೊಟ್ಟು ಉಣ್ಣುವಳು. ಅಣ್ಣ ಬಂದ ದಿನ ಉಪವಾಸವೇ ಇದ್ದಳು. ಜಗತ್ತಿನಲ್ಲಿ ಒಬ್ಬರು ನೋಡಬಹುದಿತ್ತು, ಅವರು ಸಂದಿಯ ಆಚೆ ಇದ್ದರು.

ಹೋದ ತಿಂಗಳು ಒಂದು ಬೆಳಿಗ್ಗೆ ಮೇಸ್ತ್ರಿ ಕಾಫಿ ಲೋಟ ಹಿಡಿದುಕೊಂಡು ಅಂಗಳದಲ್ಲಿ ಓಡಾಡುತ್ತಿದ್ದವರು ಹಾಗೇ ಕುಸಿದರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು.

ಅವ್ವ ಅಳಲಿಲ್ಲ. ಒಂದೂವರೆಗೆ ಹಲಗೆ ಇಳಿಸಲಿಲ್ಲ, ಅಷ್ಟೇ. ಮೊದಲನೇ ದಿನ ಸರಿ, ಸೂತಕ ಅಂದುಕೊಂಡೆ. ನಾಲ್ಕನೇ ದಿನವೂ ಇಳಿಸಲಿಲ್ಲ, ಏಳನೇ ದಿನವೂ ಇಳಿಸಲಿಲ್ಲ. ಹಾಟ್‌ಬಾಕ್ಸು ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತಿತ್ತು. ಈಗ ಆಚೆ ಎಸೆದು ನನಗೆ ಸುಳ್ಳು ಹೇಳುವ ತೊಂದರೆಯನ್ನೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಬೈದೆ, ಬೇಡಿಕೊಂಡೆ, ರಜಾ ಹಾಕಿ ಎದುರಿಗೆ ಕೂತೆ. ನಾನು ಹಿಡಿದ ತುತ್ತಿಗೆ ಬಾಯಿ ತೆಗೆಯಲಿಲ್ಲ. ರಾತ್ರಿ ಒಂದಿಷ್ಟು ಹಾಲು, ಅಷ್ಟೇ. ರವಿಕೆ ತೋಳು ಮತ್ತೆ ಸಡಿಲವಾಯಿತು. ಈ ಸಲ ನನಗೆ ಅದರ ಅರ್ಥ ಗೊತ್ತಿತ್ತು. ಒಂದು ದಿನ ಬಸ್ಸು ಊರು ಬಿಡುವ ಮೊದಲೇ ಇಳಿದು ವಾಪಸ್ ಬಂದೆ.

ಹನ್ನೊಂದನೇ ದಿನ ತಿಥಿ. ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ನಾನು ಸೀರೆ ಉಟ್ಟು ಹೊರಡುವಾಗ ಅವ್ವ ವಾಕರ್ ಹಿಡಿದು ನಿಂತಿದ್ದಳು.

"ನಾನೂ ಬತ್ತೀನಿ."

ಹಾಸನಕ್ಕೆ ಬಂದ ಮೇಲೆ ಅವಳು ಆಸ್ಪತ್ರೆ ಬಿಟ್ಟರೆ ಹೊಸಿಲು ದಾಟಿರಲಿಲ್ಲ. ಪಕ್ಕದ ಮನೆಗೆ ಹೋಗಲು ಕಾಲು ಗಂಟೆ ಹಿಡಿಯಿತು. ಎಡೆ ಇಟ್ಟು ಪೂಜೆಯಾಗಿ ಮೊದಲ ಪಂಕ್ತಿ ಕೂತಿತ್ತು. ಗೊರೂರಿನವರು, ಅವರ ನೆಂಟರು, ನಮ್ಮ ಬೀದಿಯವರು, ನೂರು ಜನ ಇರಬಹುದು. ಅವ್ವನನ್ನು ಒಂದು ಕೊನೆಯಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಎಲೆಗೆ ಮುದ್ದೆ ಬಿತ್ತು, ಕಾಳುಸಾರು ಬಿತ್ತು. ನಾನು ಅವಳ ಎಲೆಯ ಮುದ್ದೆ ಮುರಿಯಲು ಕೈ ಹಾಕಿದೆ.

"ಬುಡು" ಅಂದಳು.

ಎಡಗೈಯನ್ನು ಎಲೆಯ ಮೇಲೆ ತಂದು, ಬೆರಳಲ್ಲಿ ಮೇಲಿನಿಂದ ಅದುಮಿ, ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಎದುರು ಸಾಲಿನವರು ಕತ್ತು ಚಾಚಿ ನೋಡಿದರು. ಮೇಸ್ತ್ರಿಯ ಕಡೆಯ ಒಬ್ಬ ಹಿರಿಯರು, ಅಣ್ಣನೋ ದಾಯಾದಿಯೋ, ಬಡಿಸುವವರ ಹಿಂದೆ ಬರುತ್ತಿದ್ದವರು ನೋಡಿ ತಡೆದರು.

"ಏನಮ್ಮ ಇದು, ಸಾವಿನ ಮನೇಲಿ ಎಡಗೈಲಿ ಉಣ್ತೀರಲ್ಲ! ಸತ್ತೋರ್ಗೆ ಸೇರ್ತದಾ?"

ಅವ್ವ ತಲೆ ಎತ್ತಿದಳು. ಆ ಸೊಟ್ಟ ಬಾಯಲ್ಲಿ ಒಂದೊಂದೇ ಮಾತು ಬಿಡಿಸಿ, ಶಾಮಿಯಾನಕ್ಕೆಲ್ಲ ಕೇಳುವ ಹಾಗೆ ಹೇಳಿದಳು.

"ಸತ್ತೋನು ದಿನಾ ನನ್ ಜೊತೆ ಕೂತು ಈ ಕೈಲೇ ಉಂಡವ್ನೆ ಕಣಪ್ಪ. ನಾನೇ ಕಲ್ಸಿದ್ದು. ಇನ್ನೂ ಪೂರಾ ಬಂದಿರ್ಲಿಲ್ಲ ಅವ್ನಿಗೆ."

ಆ ಹಿರಿಯರು ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಒಳಗಿನಿಂದ ಮೇಸ್ತ್ರಿಯ ಹೆಂಡತಿ ಬಂದರು. ಹಣೆ ಖಾಲಿ, ಕಣ್ಣು ಊದಿತ್ತು. ಬಡಿಸುವವನ ಕೈಯಿಂದ ಮುದ್ದೆಯ ಬುಟ್ಟಿ ಇಸಿದುಕೊಂಡು, ಆ ಹಿರಿಯರನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ, ಅವ್ವನ ಎಲೆಯ ಮುಂದೆ ಬಗ್ಗಿದರು.

"ಇನ್ನೊಂದು ಇಕ್ಲಾ ಅಕ್ಕಾ?"

"ಇಕ್ಕವ್ವ" ಅಂದಳು ನಮ್ಮವ್ವ.